ಸ್ವೀಕಾರ ಬೇರೆ, ಅಂಗೀಕಾರ ಬೇರೆ

ಸ್ವೀಕಾರ, ಅಂಗೀಕಾರ ಎಂಬ ಎರಡು ಪದಗಳನ್ನು ದಿನನಿತ್ಯದ ಬರಹದಲ್ಲಿ ನಾವು ಹೆಚ್ಚುಕಡಿಮೆ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಸರ್ಕಾರಿ ಕಡತಗಳಲ್ಲಿ ಮಾತ್ರ ಅವುಗಳ ನಡುವಿನ ಗೆರೆ ಇನ್ನೂ ಅಳಿಸಿಲ್ಲ. ಬಾಗಿಲಿಗೆ ಬಂದ ಪೊಟ್ಟಣವನ್ನು ಕೈಗೆ ತೆಗೆದುಕೊಳ್ಳುವುದು ಸ್ವೀಕಾರ. ಅದನ್ನು ಬಿಚ್ಚಿ, ಒಳಗಿರುವುದು ನಾವು ಕೇಳಿದ ವಸ್ತುವೇ ಹೌದೆ, ಹೇಳಿದ ಸ್ಥಿತಿಯಲ್ಲಿದೆಯೆ ಎಂದು ಪರೀಕ್ಷಿಸಿ, ಇದು ಇನ್ನು ನಮ್ಮದು ಎಂದು ಒಪ್ಪುವುದು ಅಂಗೀಕಾರ. ಅಂತರ್ಜಾಲದ ಅಂಗಡಿಗಳು ಈ ಎರಡನ್ನೂ ಒಂದೇ ಗಳಿಗೆಯೊಳಗೆ ಒತ್ತಿ ತುಂಬಿವೆ. ತಲುಪಿಸುವ ಹುಡುಗ ಬಾಗಿಲಲ್ಲಿ ನಿಂತು ಒಟಿಪಿ ಕೇಳುತ್ತಾನೆ. ಅಂಕಿಗಳನ್ನು ಹೇಳಿ ಮುಗಿಸುವಷ್ಟರಲ್ಲಿ ಪೊಟ್ಟಣವೂ ನಮ್ಮದು, ಅದರೊಳಗಿನ ಕೇಡೂ ನಮ್ಮದು. ಇಂಥ ಅವಸರದ ಒಪ್ಪಿಗೆಗೆ ಕಾನೂನಿನಲ್ಲಿ ಆಧಾರವಿಲ್ಲ, ನಮ್ಮ ಹಳೆಯ ಸಂತೆಗಳಲ್ಲಿಯೂ ಅದು ನಡೆಯುತ್ತಿರಲಿಲ್ಲ ಎನ್ನುವುದು ನಮ್ಮ ವಾದ. ವಾದಕ್ಕೆ ನಿಮಿತ್ತವಾದದ್ದು ನಾಲ್ಕು ಸೆಂಟಿಮೀಟರ್ ಚೌಕದ ಒಂದು ಹಳೆಯ ಪ್ರೊಸೆಸರ್.

ದೆಹಲಿಯ ನಮ್ಮ ಮನೆಯ ಕಂಪ್ಯೂಟರ್ 2017ರಲ್ಲಿ ಜೋಡಿಸಿದ್ದು, ಎಎಂಡಿ ಸಂಸ್ಥೆಯ ಮೊದಲ ತಲೆಮಾರಿನ ರೈಜೆನ್ ಪ್ರೊಸೆಸರಿನದು. ಅದಕ್ಕೆ ರೋಗವೇನೂ ಇರಲಿಲ್ಲ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲಿ ಮೊದಲ ತಲೆಮಾರಿನ ರೈಜೆನ್‌ಗೆ ಜಾಗವಿಲ್ಲ. ಸೇವೆಯಲ್ಲಿ ಕುಂದಿಲ್ಲದಿದ್ದರೂ ವಯಸ್ಸಿನ ಕಾರಣಕ್ಕೆ ನಿವೃತ್ತಿ, ಅಷ್ಟೆ. ಒಂದು ಸಮಾಧಾನವೆಂದರೆ, ಅದೇ ಎಎಂ4 ಸಾಕೆಟ್ಟಿನ ಹಳೆಯ ಮದರ್‌ಬೋರ್ಡುಗಳಲ್ಲಿ ಹಲವಕ್ಕೆ ಬಯೋಸ್ ನವೀಕರಿಸಿದರೆ 2019ರಲ್ಲಿ ಬಂದ ರೈಜೆನ್ 5 3600 ಕೂಡ ಹೊಂದುತ್ತದೆ. ಇಡೀ ಯಂತ್ರವನ್ನು ಗುಜರಿಗೆ ಹಾಕುವ ಬದಲು ಬಳಸಿದ ಒಂದು ಪ್ರೊಸೆಸರ್ ತಂದು ಕೂರಿಸುವುದು ಮಿತವ್ಯಯ ಬಲ್ಲ ಯಾರಿಗೂ ಸರಿಯೆನಿಸುವ ನಿರ್ಧಾರ. ಐದು ಸಾವಿರಕ್ಕೆ ತುಸು ಕಡಿಮೆ ಬೆಲೆ. ಮಾರಾಟಗಾರನ ವಿವರಣೆಯಲ್ಲಿ ‘ಬಳಸಿದ್ದು, ಪರೀಕ್ಷಿಸಿದ್ದು, ಸುಸ್ಥಿತಿಯಲ್ಲಿದೆ’ ಎಂಬ ಮೂರು ಮಾತುಗಳಿದ್ದವು. ಈ ಮೂರನ್ನೂ ಓದುಗರು ನೆನಪಿನಲ್ಲಿಡಬೇಕು; ಮುಂದಿನ ತಕರಾರೆಲ್ಲ ಇವುಗಳ ಮೇಲೆಯೇ ನಿಂತಿದೆ.

ಬಂದದ್ದು ಕಾಗದದ ಲಕೋಟೆ. ಒಳಗೆ ಒಂದು ಸುತ್ತು ಗುಳ್ಳೆಹಾಳೆ, ಅದರೊಳಗೆ ಟಿಶ್ಯೂ ಕಾಗದ, ಅದರೊಳಗೆ ಪ್ರೊಸೆಸರ್. ಮೇಲ್ಮುಖದಲ್ಲಿ ಒಣಗಿದ ಥರ್ಮಲ್ ಪೇಸ್ಟಿನ ಬೂದು ಕಲೆ. ಅದು ದೋಷವಲ್ಲ, ಬಳಸಿದ ವಸ್ತುವಿನ ಸಹಜ ಲಕ್ಷಣ. ತಿರುಗಿಸಿದರೆ ಸಂಗತಿ ಬೇರೆಯಿತ್ತು. ಈ ಪ್ರೊಸೆಸರಿನ ತಳದಲ್ಲಿ 1331 ಪಿನ್ನುಗಳಿರುತ್ತವೆ. ಚಿನ್ನದ ಲೇಪವಿರುವ, ಹೊಲಿಗೆ ಸೂಜಿಗಿಂತಲೂ ನವಿರಾದ ಪಿನ್ನುಗಳು. ಒಂದು ಮೂಲೆಯ ಎರಡು ಸಾಲುಗಳು ಗಾಳಿಗೆ ಒರಗಿದ ಪೈರಿನಂತೆ ಮಲಗಿದ್ದವು. ಎರಡು ಪಿನ್ನುಗಳು ಬುಡಸಮೇತ ಇರಲೇ ಇಲ್ಲ. ಲಕೋಟೆಯನ್ನು ಕೊಡವಿ ನೋಡಿದೆವು. ಮುರಿದ ತುಂಡುಗಳು ಅದರಲ್ಲಿಯೂ ಸಿಗಲಿಲ್ಲ. ಅಂದರೆ ಅವು ದಾರಿಯಲ್ಲಿ ಮುರಿದವಲ್ಲ, ಹೊರಡುವ ಮುನ್ನವೇ ಮುರಿದಿದ್ದವು. ಇದೊಂದು ಸಾಮಾನ್ಯ ತರ್ಕ. ಆದರೆ ಸಾಮಾನ್ಯ ತರ್ಕಕ್ಕೆ ದೂರುಪತ್ರದಲ್ಲಿ ಅಂಕಣವಿಲ್ಲ.

ಅಂಕಣವಿದ್ದದ್ದು ಅನ್‌ಬಾಕ್ಸಿಂಗ್ ವಿಡಿಯೊಗೆ. ನಮ್ಮಲ್ಲಿ ವಿಡಿಯೊ ಇತ್ತು. ಮನೆಯ ಮಕ್ಕಳು ಈಗ ಪೆನ್ಸಿಲ್ ಡಬ್ಬಿಯನ್ನೂ ಚಿತ್ರೀಕರಿಸದೆ ಬಿಚ್ಚುವುದಿಲ್ಲ. ಅದನ್ನು ಕಳುಹಿಸಿದೆವು. ವಿಳಾಸದ ಚೀಟಿ ಆರಂಭದಲ್ಲಿ ಸ್ಪಷ್ಟವಾಗಿಲ್ಲ ಎಂಬುದು ಮೊದಲ ಉತ್ತರ. ಆರೂ ಮುಖಗಳು ಕಾಣುವುದಿಲ್ಲ ಎಂಬುದು ಎರಡನೆಯದು. ಲಕೋಟೆಗೆ ಆರು ಮುಖ ಎಲ್ಲಿಂದ ಬರಬೇಕು ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಟಿಶ್ಯೂ ಕಾಗದ ತೆಗೆಯುವಾಗ ನಿಮ್ಮ ಬೆರಳಿನಿಂದಲೇ ಪಿನ್ನುಗಳು ಬಾಗಿರಬಹುದು ಎಂಬುದು ಮೂರನೆಯದು. ಕೊನೆಗೆ ಮಾರಾಟಗಾರನೇ ದೂರವಾಣಿಯಲ್ಲಿ ಸಿಕ್ಕ. ಬಹಳ ಸೌಜನ್ಯದಿಂದ, ‘ಸರ್, ಇದು ದೊಡ್ಡ ವಿಷಯವೇ ಅಲ್ಲ. ಕಡ್ಡಿ ತುಂಬುವ ಪೆನ್ಸಿಲಿನ ತುದಿಯಿಂದ ಮೆಲ್ಲಗೆ ನೆಟ್ಟಗೆ ಮಾಡಿ ಹಾಕಿ ನೋಡಿ, ಓಡುತ್ತದೆ’ ಎಂದ. ಓಡದಿದ್ದರೆ? ‘ಕೈಯಾಡಿಸಿದ ವಸ್ತುವನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಸರ್, ನಿಯಮ.’ ಹಾಕಿ ನೋಡದೆ ಕೆಟ್ಟಿದೆ ಎನ್ನುವಂತಿಲ್ಲ. ಹಾಕಿ ನೋಡಿದರೆ ಕೆಡಿಸಿದವರು ನಾವೇ ಆಗುತ್ತೇವೆ.

ಈ ಸಿಕ್ಕಿನ ಸ್ವರೂಪ ತಿಳಿಯಬೇಕಾದರೆ ಪಿನ್ನುಗಳು ಬಾಗುವುದು ಹೇಗೆ ಎಂಬುದನ್ನು ತುಸು ನೋಡಬೇಕು. ಎಎಂ4 ಸಾಕೆಟ್ಟಿನಲ್ಲಿ ಪ್ರೊಸೆಸರನ್ನು ಹಿಡಿದಿಡುವುದು ಬದಿಯ ಒಂದು ಸಣ್ಣ ಸನ್ನೆ. ಪ್ರೊಸೆಸರಿನ ಮೇಲೆ ಥರ್ಮಲ್ ಪೇಸ್ಟ್, ಅದರ ಮೇಲೆ ಕೂಲರ್. ವರ್ಷಗಟ್ಟಲೆ ಬಿಸಿ ತಿಂದ ಪೇಸ್ಟ್ ಅಂಟಿನಂತಾಗುತ್ತದೆ. ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದರೆ, ಸನ್ನೆ ಹಾಕಿದ್ದರೂ ಪ್ರೊಸೆಸರ್ ಅದಕ್ಕೆ ಅಂಟಿಕೊಂಡೇ ಸಾಕೆಟ್ಟಿನಿಂದ ಕಿತ್ತುಬರುತ್ತದೆ. ಪಿನ್ನುಗಳು ಬಾಗುವುದು ಆಗ. ತಿಳಿದವರು ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ, ಪೇಸ್ಟ್ ಬೆಚ್ಚಗಾದ ಮೇಲೆ ನಿಲ್ಲಿಸಿ, ಕೂಲರನ್ನು ಅತ್ತಿತ್ತ ತಿರುಚಿ ಬಿಡಿಸುತ್ತಾರೆ, ಆತುರದವರು ಎಳೆಯುತ್ತಾರೆ. ಹಳೆಯ ಯಂತ್ರಗಳನ್ನು ರಾಶಿ ಹಾಕಿಕೊಂಡು ಬಿಡಿಭಾಗ ಕೀಳುವಲ್ಲಿ ಆತುರವೇ ಹೆಚ್ಚೆಂದು ಯಾರೂ ಊಹಿಸಬಹುದು. ಇನ್ನೊಂದು ಕಾರಣ ಪೊಟ್ಟಣ. ಹೊಸ ಪ್ರೊಸೆಸರಿನ ಜೊತೆ ಪಿನ್ನುಗಳಿಗೆ ಒತ್ತಡ ತಾಗದಂತೆ ಅಚ್ಚು ಹಾಕಿದ ಪ್ಲಾಸ್ಟಿಕ್ ಕವಚ ಬರುತ್ತದೆ. ಅಂಥ ಖಾಲಿ ಕವಚಗಳು ಕೆಲವೇ ರೂಪಾಯಿಗಳಿಗೆ ಬೇರೆಯಾಗಿಯೂ ಸಿಗುತ್ತವೆ. ಆ ಕೆಲವು ರೂಪಾಯಿಗಳನ್ನು ಉಳಿಸಲು ಟಿಶ್ಯೂ ಕಾಗದ ಬಂದಿತ್ತು.

ಮುರಿದ ಪಿನ್ನಿನ ಪರಿಣಾಮವೂ ಒಂದೇ ತೆರನಾಗಿರುವುದಿಲ್ಲ. 1331ರಲ್ಲಿ ಬಹಳಷ್ಟು ಪಿನ್ನುಗಳು ವಿದ್ಯುತ್ ಒದಗಿಸುವವು ಅಥವಾ ಭೂಸಂಪರ್ಕದವು. ಅವುಗಳಲ್ಲಿ ಒಂದೆರಡು ಹೋದರೆ ಪಕ್ಕದವು ಹೊರೆ ಹೊತ್ತು ಯಂತ್ರ ಓಡಲೂಬಹುದು. ಮೆಮೊರಿಗೆ ಸೇರಿದ ಪಿನ್ನೊಂದು ಹೋದರೆ ರ್‍ಯಾಮ್ ಹಾಕುವ ಖಾನೆಗಳಲ್ಲಿ ಅರ್ಧ ಸತ್ತಿರುತ್ತವೆ. ಯಂತ್ರ ಓಡುತ್ತದೆ, ಆದರೆ ಕುಂಟುತ್ತದೆ. ಗ್ರಾಫಿಕ್ಸ್ ಕಾರ್ಡಿನ ದಾರಿಯಲ್ಲಿರುವುದು ಹೋದರೆ ಕೇಡು ಬೇರೆ ಬಗೆಯದು. ಇವುಗಳಲ್ಲಿ ಯಾವುದನ್ನೂ ಲಕೋಟೆ ಬಿಚ್ಚುವ ವಿಡಿಯೊ ತೋರಿಸಲಾರದು. ಪಿನ್ನುಗಳೆಲ್ಲ ನೆಟ್ಟಗಿದ್ದೂ ಒಳಗೆ ಸತ್ತಿರುವ ಪ್ರೊಸೆಸರನ್ನಂತೂ ಯಾವ ಕ್ಯಾಮೆರಾವೂ ಹಿಡಿಯದು. ಕೊಂಡವನು ಸಾಚಾ ಮನುಷ್ಯ ಎಂಬುದಕ್ಕೆ ಆ ವಿಡಿಯೊ ಅರೆಬರೆ ಸಾಕ್ಷಿಯಾಗಬಹುದು. ವಸ್ತುವಿನ ಪರೀಕ್ಷೆ ಅದಲ್ಲ.

ಪಿನ್ನು ಎಲ್ಲಿರುತ್ತದೋ ಅಲ್ಲಿ ಜವಾಬ್ದಾರಿಯೂ ಇರುತ್ತದೆ ಎನ್ನುವುದು ಈ ವ್ಯವಹಾರದ ಒಂದು ವಿಚಿತ್ರ. ಇಂಟೆಲ್ ಸಂಸ್ಥೆ ತನ್ನ ಮನೆಬಳಕೆಯ ಪ್ರೊಸೆಸರುಗಳಲ್ಲಿ 2004ರಿಂದಲೇ ಪಿನ್ನುಗಳನ್ನು ಮದರ್‌ಬೋರ್ಡಿಗೆ ವರ್ಗ ಮಾಡಿತು. ಎಎಂಡಿ ಅದೇ ಕೆಲಸವನ್ನು 2022ರ ಎಎಂ5 ಸಾಕೆಟ್ಟಿನಲ್ಲಿ ಮಾಡಿತು. ಅಲ್ಲಿಂದ ಮುಂದೆ ಪ್ರೊಸೆಸರ್ ಮಾರುವವನಿಗೆ ನೆಮ್ಮದಿ, ಮದರ್‌ಬೋರ್ಡ್ ಮಾರುವವನಿಗೆ ತಲೆನೋವು. ವರ್ಗಾವಣೆಯಿಂದ ಸಮಸ್ಯೆ ಪರಿಹಾರವಾಗುವುದಿಲ್ಲ, ಬೇರೆ ಊರಿಗೆ ಹೋಗುತ್ತದೆ ಎಂಬುದು ನಮ್ಮಂಥ ನೌಕರರಿಗೆ ಹೊಸ ಸಂಗತಿಯೇನಲ್ಲ.

ಬಳಸಿದ್ದನ್ನು ಕೊಳ್ಳುವುದು ನಮ್ಮ ನಾಡಿಗೆ ಹೊಸತಲ್ಲ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯನ್ನೋ ಸಿದ್ಧಗಂಗೆಯ ಜಾತ್ರೆಯನ್ನೋ ಕಂಡವರಿಗೆ ಅಲ್ಲಿನ ವ್ಯಾಪಾರದ ಕ್ರಮ ಗೊತ್ತಿದೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕೂಡಿಸುವುದು ಆಮೇಲಿನ ಮಾತು. ಮೊದಲು ಎತ್ತಿನ ತುಟಿಯೆತ್ತಿ ಹಲ್ಲು ನೋಡಬೇಕು: ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ. ಬೆನ್ನಿನ ಸುಳಿ ನೋಡಬೇಕು, ಗೊರಸು ನೋಡಬೇಕು, ನಾಲ್ಕು ಹೆಜ್ಜೆ ನಡೆಸಬೇಕು, ಅನುಮಾನವಿದ್ದರೆ ನೊಗಕ್ಕೆ ಹೂಡಿ ನೋಡಬೇಕು. ಮಾರುವವನು ಇದನ್ನು ಅವಮಾನವೆಂದು ತಿಳಿಯುತ್ತಿರಲಿಲ್ಲ. ನೋಡಲು ಬಿಡದಿದ್ದರೆ ಅವನ ಎತ್ತಿನಲ್ಲೇ ಏನೋ ಐಬಿದೆ ಎಂದು ಜನ ತೀರ್ಮಾನಿಸುತ್ತಿದ್ದರು. ನೊಗಕ್ಕೆ ಹೂಡಿ ನೋಡಿದಿರಿ, ಇನ್ನು ಎತ್ತು ನಿಮ್ಮದೇ ಎಂದು ಯಾರೂ ಹೇಳುತ್ತಿರಲಿಲ್ಲ. ‘ಧರ್ಮಕ್ಕೆ ಕೊಟ್ಟ ಆಕಳ ಹಲ್ಲು ಎಣಿಸಿದರು’ ಎಂಬ ಗಾದೆ ನಮ್ಮಲ್ಲಿದೆ. ದಾನವಾಗಿ ಬಂದದ್ದನ್ನು ಒರೆಗೆ ಹಚ್ಚುವವರನ್ನು ಅದು ಗೇಲಿ ಮಾಡುತ್ತದೆ. ಹಣ ಕೊಟ್ಟು ಕೊಂಡದ್ದರ ಹಲ್ಲನ್ನು ಎಣಿಸಲೇಬೇಕು ಎಂಬ ತಿಳಿವಳಿಕೆಯಿಂದಲೇ ಆ ಗೇಲಿಗೆ ಅರ್ಥ ಬಂದಿದೆ.

ಪಟ್ಟಣದ ಕಂಪ್ಯೂಟರ್ ಸಂತೆಗಳೂ ಈ ಮರ್ಯಾದೆಯನ್ನು ಬಿಟ್ಟಿರಲಿಲ್ಲ. ದೆಹಲಿಯ ನೆಹರೂ ಪ್ಲೇಸ್, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚ್ಚಿ ಬೀದಿ, ಬೆಂಗಳೂರಿನ ಎಸ್.ಪಿ. ರಸ್ತೆ ಇವುಗಳಲ್ಲಿ ಹಳೆಯ ಬಿಡಿಭಾಗ ಕೊಂಡವರಿಗೆ ಆ ದೃಶ್ಯ ಪರಿಚಿತ: ಗಾಜಿನ ಕಟ್ಟೆಯ ಮೇಲೆ ಬೆತ್ತಲೆ ಮದರ್‌ಬೋರ್ಡ್, ಒಂದು ಹಳೆಯ ಮಾನಿಟರ್, ಅಂಗಡಿಯವನು ಪ್ರೊಸೆಸರನ್ನು ಅದರಲ್ಲಿ ಕೂರಿಸಿ, ಪರದೆಯ ಮೇಲೆ ಹೆಸರು ಮೂಡಿದ್ದನ್ನು ತೋರಿಸಿ, ‘ನೋಡಿಕೊಳ್ಳಿ’ ಎನ್ನುತ್ತಾನೆ. ಅಂಗಡಿಯ ಮೆಟ್ಟಿಲಿಳಿದ ಮೇಲೆ ಹೊಣೆ ನಮ್ಮದು ಎಂದು ಗಟ್ಟಿಯಾಗಿ ಹೇಳುವವನೂ ಅವನೇ. ಅದರಲ್ಲಿ ಅನ್ಯಾಯವಿಲ್ಲ, ಏಕೆಂದರೆ ಮೆಟ್ಟಿಲಿಳಿಯುವ ಮೊದಲು ನಾವು ನೋಡಿದ್ದೇವೆ. ಮೋಸ ಅಲ್ಲಿಯೂ ನಡೆಯುತ್ತದೆ, ಆ ಬೀದಿಗಳನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಆದರೆ ಅಲ್ಲಿ ಪರೀಕ್ಷೆ ಒಪ್ಪಿಗೆಗಿಂತ ಮೊದಲು ಬರುತ್ತದೆ. ಅಂತರ್ಜಾಲದ ಅಂಗಡಿ ಬೀದಿಯಿಂದ ‘ಹೊಣೆ ನಿಮ್ಮದು’ ಎಂಬ ಮಾತನ್ನು ಎರವಲು ತಂದಿತು. ‘ನೋಡಿಕೊಳ್ಳಿ’ ಎಂಬುದನ್ನು ಅಲ್ಲಿಯೇ ಬಿಟ್ಟುಬಂದಿತು.

ಇಂಗ್ಲಿಷಿನ ‘ಆ್ಯಸ್ ಈಸ್’ ಎಂಬ ಪುಟ್ಟ ನುಡಿಯ ಬಗ್ಗೆ ಇಲ್ಲಿ ಎರಡು ಮಾತು ಹೇಳದಿದ್ದರೆ ಓದಿದ್ದಕ್ಕೆ ದ್ರೋಹವಾದೀತು. ಬಳಸಿದ ವಸ್ತುಗಳ ಮಾರಾಟದಲ್ಲಿ ಇದು ಮಂತ್ರದಂತೆ ಬಳಕೆಯಾಗುತ್ತಿದೆ. ‘ಇದ್ದ ಹಾಗೆ’ ಮಾರುತ್ತೇವೆ, ಮುಂದೆ ಏನೂ ಕೇಳಬೇಡಿ ಎಂಬುದು ಅದರ ಇಂಗಿತ. ಮಾರುವವನಿಗೆ ಮೌನದ ಹಕ್ಕು. ಕನ್ನಡದಲ್ಲಿ ‘ಇದ್ದದ್ದನ್ನು ಇದ್ದ ಹಾಗೆ’ ಎಂದೊಡನೆ ನಾಲಿಗೆಗೆ ಬರುವ ಮುಂದಿನ ಪದ ‘ಹೇಳುವುದು’. ಹಾಗೆ ಹೇಳಿದವನ ಎದೆಗೆ ಯಾರೋ ಎದ್ದು ಬಂದು ಒದ್ದರು ಎಂದು ಗಾದೆ ಮುಂದುವರಿಯುತ್ತದೆ, ಅದಿರಲಿ. ನಮ್ಮ ನುಡಿಯಲ್ಲಿ ಅದು ಮೌನದ ಹಕ್ಕಲ್ಲ, ಹೇಳಬೇಕಾದ ಹೊಣೆ. ಎರಡು ಪಿನ್ನು ಮುರಿದಿವೆ, ಅದಕ್ಕೇ ಸಾವಿರ ರೂಪಾಯಿ ಎಂದು ಬರೆದು ಮಾರಿದ್ದರೆ ಕೊಳ್ಳುವವರೂ ಇರುತ್ತಿದ್ದರು. ಅಂಥದ್ದನ್ನು ಕೊಂಡು ಬೆಸುಗೆ ಹಾಕಿ ಓಡಿಸುವ ಕುಶಲಿಗಳು ನಮ್ಮ ದೇಶದಲ್ಲಿ ಕಡಿಮೆಯಿಲ್ಲ. ‘ಬಳಸಿದ್ದು’ ಎಂಬ ವಿಶೇಷಣದೊಳಗೆ ‘ಮುರಿದದ್ದು’ ಎಂಬುದನ್ನು ತುರುಕುವುದು ಮಾತ್ರ ಭಾಷೆಗೂ ವ್ಯಾಪಾರಕ್ಕೂ ಒಟ್ಟಿಗೇ ಮಾಡಿದ ಅಪಚಾರ.

ಕಾನೂನು ಏನು ಹೇಳುತ್ತದೆ? ಬ್ರಿಟಿಷರ ಕಾಲದ್ದಾದರೂ ಇಂದಿಗೂ ಜಾರಿಯಲ್ಲಿರುವ 1930ರ ಸರಕು ಮಾರಾಟ ಕಾಯ್ದೆ ನಾವು ಮೊದಲಿಗೆ ಹೇಳಿದ ಗೆರೆಯನ್ನು ಬಹಳ ಸ್ಪಷ್ಟವಾಗಿ ಎಳೆದಿದೆ. ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಿರಲೇಬೇಕು ಎನ್ನುತ್ತದೆ ಅದರ 15ನೆಯ ಕಲಮು. ಮೊದಲೇ ನೋಡಿರದ ಸರಕು ಕೈಗೆ ಬಂದಾಗ, ಅದನ್ನು ಪರೀಕ್ಷಿಸಲು ತಕ್ಕ ಅವಕಾಶ ಸಿಗುವವರೆಗೆ ಕೊಂಡವನು ಅದನ್ನು ಅಂಗೀಕರಿಸಿದ್ದಾನೆಂದು ಭಾವಿಸತಕ್ಕದ್ದಲ್ಲ ಎನ್ನುತ್ತದೆ 41ನೆಯದು. 43ನೆಯದಂತೂ ಅಂತರ್ಜಾಲದ ಅಂಗಡಿಗಳ ಗೋಡೆಯ ಮೇಲೆ ಬರೆಸಬೇಕಾದದ್ದು: ಬೇರೆ ಒಪ್ಪಂದವಿಲ್ಲದಿದ್ದರೆ, ನ್ಯಾಯವಾಗಿ ತಿರಸ್ಕರಿಸಿದ ಸರಕನ್ನು ಹಿಂದಕ್ಕೆ ತಲುಪಿಸುವ ಬಾಧ್ಯತೆ ಕೊಂಡವನ ಮೇಲಿಲ್ಲ, ತಿರಸ್ಕರಿಸಿದ್ದೇನೆ ಎಂದು ತಿಳಿಸಿದರೆ ಸಾಕು. ಇಂಥ ಷರತ್ತುಗಳನ್ನು ಪರಸ್ಪರ ಒಪ್ಪಂದದಿಂದ ಬದಿಗಿಡಲು ಅದೇ ಕಾಯ್ದೆ ಅವಕಾಶ ಕೊಡುತ್ತದೆ ಎಂಬುದೂ ನಿಜ. ಆದರೆ ‘ಪರೀಕ್ಷಿಸಿದ್ದು, ಸುಸ್ಥಿತಿಯಲ್ಲಿದೆ’ ಎಂದು ದಪ್ಪ ಅಕ್ಷರದಲ್ಲಿ ಬರೆದು, ‘ಹೊಣೆಯಿಲ್ಲ’ ಎಂದು ಇರುವೆಗಾತ್ರದ ಅಕ್ಷರದಲ್ಲಿ ಬರೆಯುವುದನ್ನು ಒಪ್ಪಂದವೆಂದು ಕರೆಯಲು ನಮ್ಮ ಮನಸ್ಸು ಒಪ್ಪದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರ ಜುಲೈಯಲ್ಲಿ ಹೊರಬಂದ ಇ-ವಾಣಿಜ್ಯ ನಿಯಮಗಳು ಇನ್ನೂ ನೇರವಾಗಿವೆ. ಸರಕು ದೋಷಯುಕ್ತವಾಗಿದ್ದರೆ, ಅಥವಾ ಜಾಹೀರಾತಿನಲ್ಲಿ ಹೇಳಿದ ಲಕ್ಷಣಗಳು ಅದರಲ್ಲಿಲ್ಲದಿದ್ದರೆ, ಮಾರಾಟಗಾರ ಅದನ್ನು ವಾಪಸು ಪಡೆಯಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ಕುಂದುಕೊರತೆ ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಇವುಗಳಲ್ಲಿ ವಿಡಿಯೊ ಎಂಬ ಷರತ್ತು ಎಲ್ಲಿಯೂ ಇಲ್ಲ. ಅದನ್ನು ಹುಟ್ಟಿಸಿದ್ದು ವೇದಿಕೆಗಳು ಮತ್ತು ಮಾರಾಟಗಾರರು. ತಾವು ಕೇವಲ ಮಧ್ಯವರ್ತಿಗಳೆಂದು ವೇದಿಕೆಗಳು ಹೇಳಿಕೊಳ್ಳುತ್ತವೆ. ಆದರೆ ಯಾವ ಸಾಕ್ಷ್ಯ ಸಾಲದು ಎಂಬ ತೀರ್ಪು ಕೊಡುವಾಗ ನ್ಯಾಯಾಧೀಶರಾಗಲು ಹಿಂಜರಿಯುವುದಿಲ್ಲ.

ಸರ್ಕಾರ ತಾನೇ ಕೊಳ್ಳುವವನಾದಾಗ ಎಷ್ಟು ಎಚ್ಚರದಿಂದಿರುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಕಚೇರಿಗೆ ಬಂದ ಸರಕನ್ನು ಎಣಿಸಬೇಕು, ಅಳೆಯಬೇಕು ಅಥವಾ ತೂಗಬೇಕು. ಪ್ರಮಾಣ, ಗುಣಮಟ್ಟ ಸರಿಯಾಗಿವೆಯೆ, ಹಾನಿಯೇನಾದರೂ ಆಗಿದೆಯೆ ಎಂದು ಕಣ್ಣಾರೆ ನೋಡಬೇಕು. ಸರ್ಕಾರಿ ಖರೀದಿಯ ಜಾಲ ಮಾರುಕಟ್ಟೆಯಾದ ಜೆಮ್‌ನಲ್ಲಿ ಇದಕ್ಕಾಗಿಯೇ ಎರಡು ಬೇರೆ ಬೇರೆ ಪ್ರಮಾಣಪತ್ರಗಳಿವೆ. ಸರಕು ಬಂದಿದೆ ಎಂಬ ತಾತ್ಕಾಲಿಕ ರಸೀದಿ ಒಂದು. ನೋಡಿದ್ದೇವೆ, ಒಪ್ಪಿದ್ದೇವೆ ಎಂಬ ಅಂಗೀಕಾರ ಪತ್ರ ಇನ್ನೊಂದು. ನಡುವೆ ಸಾಮಾನ್ಯವಾಗಿ 10 ದಿನಗಳ ಅವಧಿ. ಆ ಎರಡನೆಯ ಪತ್ರಕ್ಕೆ ಸಹಿ ಬೀಳುವವರೆಗೆ ಮಾರಾಟಗಾರನಿಗೆ ಹಣ ಸಂದಾಯವಾಗುವುದಿಲ್ಲ. ಪೆಟ್ಟಿಗೆ ಬಿಚ್ಚಿದ ವಿಡಿಯೊ ತೋರಿಸಿ ಎಂದು ಯಾವ ಇಲಾಖೆಯನ್ನೂ ಯಾರೂ ಕೇಳಿದ್ದನ್ನು ನಾವು ಕೇಳಿಲ್ಲ. ಇದೇ ಕಚೇರಿಯಲ್ಲಿ ಹಗಲೆಲ್ಲ ಇಂಥ ಪತ್ರಗಳಿಗೆ ಸಹಿ ಹಾಕಿದ ನೌಕರ ಸಂಜೆ ಮನೆಗೆ ಬಂದರೆ, ಸ್ವಂತ ಹಣದಲ್ಲಿ ತರಿಸಿದ ವಸ್ತುವಿನ ಮುಂದೆ ಆರೋಪಿಯಂತೆ ನಿಲ್ಲುತ್ತಾನೆ. ರಾಜ್ಯಕ್ಕಿರುವ ಪರೀಕ್ಷೆಯ ಹಕ್ಕು ಪ್ರಜೆಗೇಕೆ ಇರಬಾರದು?

ಮಾರಾಟಗಾರನ ಪಕ್ಷವನ್ನೂ ಹೇಳಬೇಕು. ಕೊಳ್ಳುವವರೆಲ್ಲ ಹರಿಶ್ಚಂದ್ರರಲ್ಲ. ಮನೆಯಲ್ಲಿದ್ದ ಸತ್ತ ಪ್ರೊಸೆಸರನ್ನು ಲಕೋಟೆಯಲ್ಲಿಟ್ಟು, ಬಂದ ಒಳ್ಳೆಯದನ್ನು ಉಳಿಸಿಕೊಳ್ಳುವವರಿದ್ದಾರೆ. ಮೂಲೆಯ ಚಿನ್ನದ ತ್ರಿಕೋನದ ಗುರುತು ನೋಡದೆ ಅಡ್ಡಾದಿಡ್ಡಿ ಕೂರಿಸಿ, ಒತ್ತಿ, ಪಿನ್ನು ಮಲಗಿಸಿ, ಹೀಗೆಯೇ ಬಂದಿತ್ತು ಎನ್ನುವವರೂ ಇದ್ದಾರೆ. ಸಣ್ಣ ಲಾಭದ ಮೇಲೆ ನಡೆಯುವ ಅಂಗಡಿಗೆ ಇಂಥ ಎರಡು ಪ್ರಕರಣ ಬಂದರೆ ಆ ತಿಂಗಳ ಬಾಡಿಗೆಗೆ ಸಂಚಕಾರ. ಆದ್ದರಿಂದ ಸಾಕ್ಷ್ಯ ಬೇಕೆಂಬ ಅವನ ಬಯಕೆಯನ್ನು ನಾವು ತಳ್ಳಿಹಾಕುವುದಿಲ್ಲ. ಪ್ರಶ್ನೆಯಿರುವುದು ಸಾಕ್ಷ್ಯವನ್ನು ಯಾರು, ಯಾವಾಗ ಒದಗಿಸಬೇಕು ಎಂಬುದರಲ್ಲಿ. ವಸ್ತು ಅವನ ಕೈಯಲ್ಲಿದ್ದಾಗ, ಅವನ ಮೇಜಿನ ಮೇಲೆ ಪರೀಕ್ಷಾ ಬೋರ್ಡ್ ಇರುವಾಗ, ಸಾಕ್ಷ್ಯ ಸಿದ್ಧಪಡಿಸುವುದು ಐದು ನಿಮಿಷದ ಕೆಲಸ: ಮೇಲ್ಮುಖದ ಕ್ರಮಸಂಖ್ಯೆ ಕಾಣುವ ಒಂದು ಚಿತ್ರ, ಪಿನ್ನುಗಳ ಸಾಲು ಕಾಣುವ ಒಂದು ಚಿತ್ರ, ಅದೇ ಪ್ರೊಸೆಸರ್ ಓಡುತ್ತಿರುವ ಪರದೆಯ ಒಂದು ಚಿತ್ರ. ಇವುಗಳನ್ನು ವೇದಿಕೆಗೆ ಏರಿಸಿದ ಮೇಲೆಯೇ ಸಾಗಣೆಯ ಚೀಟಿ ಮುದ್ರಣವಾಗುವಂತೆ ಮಾಡಲಿ. ಆಗ ಕ್ರಮಸಂಖ್ಯೆ ಬೇರೆಯಿದ್ದರೆ ಕೊಂಡವನ ಮೋಸ ಬಯಲಾಗುತ್ತದೆ, ಚಿತ್ರದಲ್ಲೇ ಪಿನ್ನು ಬಾಗಿದ್ದರೆ ಮಾರಿದವನದು, ಎರಡೂ ಸರಿಯಿದ್ದು ದಾರಿಯಲ್ಲಿ ಕೆಟ್ಟಿದ್ದರೆ ಪೊಟ್ಟಣದ ಮತ್ತು ಸಾಗಣೆಯ ಪ್ರಶ್ನೆ. ಬಾಗಿಲಲ್ಲಿಯೇ ಬಿಚ್ಚಿ ತೋರಿಸಿ ಕೊಡುವ ಪದ್ಧತಿ ಮೊಬೈಲ್ ಫೋನುಗಳಿಗೆ ಈಗಾಗಲೇ ಇದೆ; ಪಿನ್ನುಗಳಿರುವ ವಸ್ತುಗಳಿಗೂ ಅದನ್ನು ವಿಸ್ತರಿಸಲು ಅಡ್ಡಿಯೇನು? ಕೊಂಡವನು ಯಂತ್ರದಲ್ಲಿ ಕೂರಿಸಿ ನೋಡುವುದನ್ನು ‘ಕೈಯಾಡಿಸುವುದು’ ಎಂದು ಕರೆಯುವುದಂತೂ ನಿಲ್ಲಬೇಕು. ಪ್ರೊಸೆಸರಿಗೆ ಅದೊಂದೇ ಪರೀಕ್ಷೆ.

ನಮ್ಮ ಪ್ರಕರಣ ಇಪ್ಪತ್ತೆರಡನೆಯ ದಿನ ಮುಗಿಯಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ದಾಖಲಿಸಿ, ಮೇಲೆ ಹೇಳಿದ ಕಲಮುಗಳನ್ನು ಇಂಗ್ಲಿಷಿನಲ್ಲಿ ಸಂಖ್ಯೆಸಹಿತ ಬರೆದು ಕುಂದುಕೊರತೆ ಅಧಿಕಾರಿಗೆ ಕಳುಹಿಸಿದ ಮೇಲೆ, ಸಾಗಣೆಯ ವೆಚ್ಚ ಕಳೆದು ಹಣ ಮರಳಿತು. ಪ್ರೊಸೆಸರನ್ನು ಒಯ್ಯಲು ಮಾತ್ರ ಈವರೆಗೆ ಯಾರೂ ಬಂದಿಲ್ಲ. ಇದನ್ನು ಗೆಲುವೆಂದು ಭಾವಿಸಲು ನಮಗೆ ಸಂಕೋಚವಾಗುತ್ತದೆ. ಮಾತು ಕೆಲಸ ಮಾಡಿದ್ದು ನ್ಯಾಯ ನಮ್ಮ ಕಡೆಗಿದ್ದುದರಿಂದಲೋ, ಆಡಳಿತದ ಇಂಗ್ಲಿಷ್ ನಮಗೆ ಬರುತ್ತಿದ್ದುದರಿಂದಲೋ? ಬಳಸಿದ ಪ್ರೊಸೆಸರ್ ಕೊಳ್ಳುವವರಲ್ಲಿ ಅನೇಕರು ಕಾಲೇಜು ಹುಡುಗರು, ಸಣ್ಣ ಜೆರಾಕ್ಸ್ ಅಂಗಡಿ ಇಟ್ಟುಕೊಂಡವರು, ಮನೆಪಾಠ ಹೇಳುವವರು. ಐದು ಸಾವಿರ ಅವರಿಗೆ ಹಲವು ತಿಂಗಳುಗಳ ಉಳಿತಾಯ. ಮೂರನೆಯ ನಿರಾಕರಣೆಗೆ ಅವರು ಸುಮ್ಮನಾಗುತ್ತಾರೆ, ಪೆನ್ಸಿಲ್ ಹಿಡಿದು ಪಿನ್ನುಗಳ ಮುಂದೆ ಕೂರುತ್ತಾರೆ.

ಅಂಥವರಿಗಾಗಿ, ಅದರಲ್ಲೂ ನಾಡಿನಿಂದ ದೂರ ಇರುವ ನಮ್ಮವರಿಗಾಗಿ, ಎರಡು ಸಂಗತಿ. ಸಹಾಯವಾಣಿಯ ಸಂಖ್ಯೆ 1915. ಅದರಲ್ಲಿ ಕನ್ನಡದಲ್ಲಿಯೂ ದೂರು ಹೇಳಬಹುದು, ಕುಳಿತಿರುವುದು ಪುಣೆಯಲ್ಲಾದರೂ ಹೈದರಾಬಾದಿನಲ್ಲಾದರೂ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 1986ರ ಹಳೆಯ ಕಾಯ್ದೆಯಲ್ಲಿ ದೂರುದಾರ ಎದುರು ಪಕ್ಷದ ಊರನ್ನೋ ವ್ಯಾಜ್ಯ ಹುಟ್ಟಿದ ಸ್ಥಳವನ್ನೋ ಹುಡುಕಿಕೊಂಡು ಹೋಗಬೇಕಿತ್ತು. 2019ರ ಕಾಯ್ದೆಯ 34ನೆಯ ಕಲಮು ಅದನ್ನು ಬದಲಿಸಿ, ದೂರುದಾರ ವಾಸವಾಗಿರುವ ಅಥವಾ ದುಡಿಯುವ ಊರಿನಲ್ಲಿಯೇ ದೂರು ಕೊಡಲು ಅವಕಾಶ ಕೊಟ್ಟಿತು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರಿಲ್ಲದೆ ತಾವೇ ವಾದಿಸಬಹುದು. ಊರಿಂದೂರಿಗೆ ವರ್ಗವಾಗುತ್ತ ಬದುಕುವವರಿಗೆ ಇದು ಸಣ್ಣ ಅನುಕೂಲವಲ್ಲ.

ಒಂದು ಕಂಡಿ ಮಾತ್ರ ಉಳಿದಿದೆ. ವ್ಯಾಪಾರವನ್ನು ಕಸುಬಾಗಿ ನಡೆಸದೆ, ತನ್ನ ಮನೆಯ ಹಳೆಯ ವಸ್ತುವನ್ನು ಎಂದೋ ಒಮ್ಮೆ ಮಾರುವ ಖಾಸಗಿ ವ್ಯಕ್ತಿಗೆ 2020ರ ನಿಯಮಗಳು ಅನ್ವಯಿಸುವುದಿಲ್ಲ. ಅಲ್ಲಿ 1930ರ ಕಾಯ್ದೆಯೇ ಗತಿ, ಅದನ್ನು ಹಿಡಿದು ಸಿವಿಲ್ ನ್ಯಾಯಾಲಯಕ್ಕೆ ಹೋಗುವಷ್ಟು ಬೆಲೆ ಆ ವಸ್ತುವಿಗಿರುವುದಿಲ್ಲ. ಅಂಥವರಿಂದ ಕೊಳ್ಳುವಾಗ ಅಂಚೆಯನ್ನೂ ಕೊರಿಯರನ್ನೂ ಮರೆತು, ಒಂದೇ ಊರಿನವರಾದರೆ ಇಬ್ಬರೂ ಸೇರಿ ಕಂಪ್ಯೂಟರ್ ಬೀದಿಯ ಯಾವುದಾದರೂ ಅಂಗಡಿಗೆ ಹೋಗಿ, ಕಟ್ಟೆಯ ಮೇಲಿನ ಬೋರ್ಡಿನಲ್ಲಿ ಕೂರಿಸಿ ನೋಡಿದ ಮೇಲೆಯೇ ಹಣ ಕೊಡುವುದು ಒಳಿತು. ಪರೀಕ್ಷಿಸಿ ಕೊಟ್ಟದ್ದಕ್ಕೆ ಅಂಗಡಿಯವನು ಕೇಳುವ ನೂರೋ ಇನ್ನೂರೋ ರೂಪಾಯಿಯನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳಬಹುದು.